ಮಣ್ಣುರಹಿತ ಬೇಸಾಯದ ಚರಿತ್ರೆಯಲ್ಲಿ ಪಾಲಿಮರ್

ಮಣ್ಣಿಲ್ಲದ ಬೇಸಾಯದ ಚರಿತ್ರೆಯನ್ನು ಸಾಮಾನ್ಯವಾಗಿ ಪೋಷಕ ದ್ರಾವಣದ ಚರಿತ್ರೆಯಾಗಿಯೇ ಬರೆಯಲಾಗಿದೆ. ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ 1860ರ ದಶಕದಲ್ಲೇ ಲವಣ ಬೆರೆಸಿದ ನೀರಿನಲ್ಲಿ ಗಿಡ ಬೆಳೆಸಿ ತೋರಿಸಿದ್ದರು. ಕ್ಯಾಲಿಫೋರ್ನಿಯಾದ ಗೆರಿಕೆ 1929ರಲ್ಲಿ ಇದನ್ನು ಬೇಸಾಯದ ವಿಧಾನವಾಗಿ ಮುಂದಿಟ್ಟರು. ಆದರೂ ಅದು ಬೆಳೆಗಾರರ ನಡುವೆ ಹರಡಲು ಇನ್ನೂ ಹಲವು ದಶಕ ಬೇಕಾದವು. ಗಿಡಕ್ಕೆ ಏನು ಬೇಕೆಂಬುದು ಗೊತ್ತಿತ್ತು. ಅದನ್ನು ಅಗ್ಗವಾಗಿ ಹಿಡಿದಿಡುವ ವಸ್ತು ಇರಲಿಲ್ಲ. ಕಾಂಕ್ರೀಟ್ ತೊಟ್ಟಿ ದ್ರಾವಣವನ್ನು ಕ್ಷಾರೀಯಗೊಳಿಸುತ್ತಿತ್ತು, ಸತು ಲೇಪಿಸಿದ ತಗಡು ಸತುವನ್ನು ಬೇರಿಗೆ ವಿಷವಾಗುವಷ್ಟು ಬಿಡುತ್ತಿತ್ತು. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಆಕಸ್ಮಿಕವಾಗಿ ದೊರೆತ ಪಾಲಿಥೀನ್ ಎಂಬ ಪಾಲಿಮರ್ ಈ ತೊಡಕನ್ನು ಬಿಡಿಸಿತು. ಅಲೆನ್ ಕೂಪರ್ ಇಂಗ್ಲೆಂಡಿನ ಲಿಟಲ್‌ಹ್ಯಾಂಪ್ಟನ್ನಿನಲ್ಲಿ ರೂಪಿಸಿದ, ಬೇರುಗಳ ಮೇಲೆ ತೆಳುವಾಗಿ ದ್ರಾವಣ ಹರಿಸುವ ಪದ್ಧತಿ ಪಾಲಿಥೀನ್ ಹಾಳೆಯ ಕಾಲುವೆಗಳಲ್ಲೇ ಬೆಳೆದದ್ದು. ಮಣ್ಣುರಹಿತ ಬೇಸಾಯದ ನಿಜವಾದ ತಿರುವು ದ್ರಾವಣದಲ್ಲಿಲ್ಲ, ಪಾಲಿಮರಿನಲ್ಲಿದೆ ಎಂಬುದು ನನ್ನ ವಾದ.

ಇದಕ್ಕೆ ಆಕ್ಷೇಪವುಂಟು. ಎರಡನೇ ಮಹಾಯುದ್ಧದ ಕೊನೆಗೆ ಅಮೆರಿಕದ ಸೇನೆ ಅಸೆನ್ಷನ್ ದ್ವೀಪದಲ್ಲಿ ಜಲ್ಲಿಯ ಪಾತಿಗಳಲ್ಲಿ ತರಕಾರಿ ಬೆಳೆಯಿತು. ಶೋಲ್ಟೊ ಡಗ್ಲಸ್ ಅವರು ಬಂಗಾಳದಲ್ಲಿ ಜಲ್ಲಿ, ಮರಳು ಮತ್ತು ಒಣ ಗೊಬ್ಬರಗಳಿಂದಲೇ ಒಂದು ಪದ್ಧತಿ ಕಟ್ಟಿದರು. ಎರಡೂ ನಿಜ. ಆದರೆ ಮೊದಲನೆಯದರ ಖರ್ಚನ್ನು ಸೇನೆ ಭರಿಸಿತು. ಎರಡನೆಯದು ಕೈಯಿಂದ ನೀರುಣಿಸುವ ಸಣ್ಣ ಪ್ರಮಾಣದ ಬೇಸಾಯ. ದ್ರಾವಣವನ್ನು ಮರಳಿ ಮರಳಿ ಬಳಸಿ ನೀರು ಉಳಿಸುವ ವ್ಯವಸ್ಥೆ ಸೋರದ, ಹಗುರವಾದ, ಅಗ್ಗದ ಹಾಳೆಯಿಲ್ಲದೆ ವ್ಯಾಪಕವಾಗಲಾರದು.

ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ಈ ಹಾಳೆಯೇ ಕಸವಾಗುತ್ತದಲ್ಲ, ಇದೆಂಥ ಸುಸ್ಥಿರತೆ ಎಂಬುದು. ಇದಕ್ಕೆ ಸುಲಭದ ಉತ್ತರವಾಗಿ ಹಲವರು ನೀರು ಹೀರಿ ಉಬ್ಬುವ ಪಾಲಿಮರ್ ಜಾಲವಾದ ಹೈಡ್ರೊಜೆಲ್ ಕಡೆ ಬೆರಳು ತೋರಿಸುತ್ತಾರೆ. ಅಮೆರಿಕದ ಪಿಯೋರಿಯಾದ ಕೃಷಿ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಪಿಷ್ಟದಿಂದ ಮಾಡಿದ ಜೆಲ್ ತನ್ನ ತೂಕದ ನೂರಾರು ಪಟ್ಟು ನೀರು ಹೀರಿತು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಹೈಡ್ರೊಜೆಲ್‌ಗೆ ಸೆಲ್ಯುಲೋಸ್ ಆಧಾರ. ಆದರೆ ಆ ನೂರಾರು ಪಟ್ಟು ಶುದ್ಧ ನೀರಿನ ಲೆಕ್ಕ ಎಂಬುದನ್ನು ಮರೆಯಬಾರದು. ಇಂಥ ಜೆಲ್‌ನ ಸರಪಳಿಗಳ ಮೇಲಿರುವ ಋಣ ವಿದ್ಯುದಂಶಗಳು ಒಂದನ್ನೊಂದು ದೂಡುವುದರಿಂದ, ಜೊತೆಗಿರುವ ಅಯಾನುಗಳು ನೀರನ್ನು ಒಳಗೆಳೆಯುವುದರಿಂದ ಅದು ಉಬ್ಬುತ್ತದೆ. ಪೋಷಕ ದ್ರಾವಣದ ಕ್ಯಾಲ್ಸಿಯಂ ಆ ಸರಪಳಿಗಳನ್ನು ಪರಸ್ಪರ ಬಿಗಿದು ಉಬ್ಬುವಿಕೆಯನ್ನು ತೀವ್ರವಾಗಿ ಕುಗ್ಗಿಸುತ್ತದೆ. ಹೊಲದ ಮಣ್ಣಿಗೆ ಹೊಂದುವ ಜೆಲ್ ದ್ರಾವಣದ ಬೇಸಾಯಕ್ಕೆ ಹಾಗೆಯೇ ಹೊಂದದು. ಜಪಾನಿನ ಯೂಇಚಿ ಮೋರಿ ಬೇರೆಯೇ ದಾರಿ ಹಿಡಿದರು: ಅವರ ಹೈಡ್ರೊಜೆಲ್ ಪೊರೆ ನೀರಿನ ದಾಸ್ತಾನಲ್ಲ, ಬೇರಿಗೂ ದ್ರಾವಣಕ್ಕೂ ನಡುವಿನ ಜರಡಿ.

ನಿಸರ್ಗದ ಪಾಲಿಮರುಗಳ ಪರವಾಗಿ ಬಲವಾದ ಸಾಕ್ಷ್ಯ ಕೋಕೋಪೀಟ್‌ನದು. ತೆಂಗಿನ ಸಿಪ್ಪೆಯ ಈ ಪುಡಿಯಲ್ಲಿ ಲಿಗ್ನಿನ್ ಎಂಬ ನೈಸರ್ಗಿಕ ಪಾಲಿಮರ್ ಹೆಚ್ಚು; ಬೇಗ ಕೊಳೆಯದು, ನೀರನ್ನೂ ಗಾಳಿಯನ್ನೂ ಒಟ್ಟಿಗೆ ಹಿಡಿಯುತ್ತದೆ. ಸೋಡಿಯಂ, ಪೊಟ್ಯಾಸಿಯಂ ಲವಣಗಳನ್ನು ತೊಳೆಯಬೇಕಾದ ಕೆಲಸವೇನೋ ಉಂಟು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದನ್ನು ಹುದುಗಿಸಿ, ‘ಅರ್ಕಾ’ ಹೆಸರಿನಲ್ಲಿ ತರಕಾರಿ ಬೆಳೆಗೆ ಒದಗಿಸಿದೆ. ಉಳಿದಿರುವ ಕಠಿಣ ಪ್ರಶ್ನೆ ಹಾಳೆಯದೇ: ಬೆಳೆ ಮುಗಿಯುವವರೆಗೆ ಬಿಸಿಲನ್ನೂ ನೀರನ್ನೂ ತಾಳಿ, ಆಮೇಲೆ ಸೂಕ್ಷ್ಮಜೀವಿಗಳಿಗೆ ಆಹಾರವಾಗಬಲ್ಲ ಪಾಲಿಮರ್ ಪಾಲಿಥೀನಿನ ಬೆಲೆಗೆ ಸಿಗಬೇಕು.