ಗಂಧದೆಣ್ಣೆಯ ಪ್ರಯೋಗ: ಮೈಸೂರಿನ ಉದ್ಯಮನೀತಿ ಕುರಿತು ಒಂದು ಟಿಪ್ಪಣಿ

ಉದ್ಯಮದಲ್ಲಿ ಕುತೂಹಲಕ್ಕೆ, ಪ್ರಯೋಗಕ್ಕೆ ಇಂಬು ಕೊಡಬೇಕೆಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಯಾವ ಏರ್ಪಾಡು ಇದ್ದರೆ ಕುತೂಹಲ ಬೆಳೆಯುತ್ತದೆ, ಯಾವುದು ಇಲ್ಲದಿದ್ದರೆ ಬಾಡುತ್ತದೆ ಎಂಬುದರ ಚರ್ಚೆ ಕಡಿಮೆ. ಮೈಸೂರಿನ ಗಂಧದ ಉದ್ಯಮದಲ್ಲಿ ಎರಡಕ್ಕೂ ನಿದರ್ಶನವಿದೆ.

ಮೊದಲ ಮಹಾಯುದ್ಧಕ್ಕೆ ಮುನ್ನ ಸಂಸ್ಥಾನದ ಸರ್ಕಾರ ಗಂಧವನ್ನು ಕೊರಡಾಗಿಯೇ ಹರಾಜು ಹಾಕುತ್ತಿತ್ತು. ಅದು ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾದದ್ದೇ ಆ ದಾರಿ ಮುಚ್ಚಿತು. ಆಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯ, ಕೈಗಾರಿಕಾ ಇಲಾಖೆಯ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್. ಎಣ್ಣೆಯನ್ನು ಇಲ್ಲೇ ತೆಗೆಯಲಾದೀತೇ ಎಂಬ ಪ್ರಶ್ನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ತಲುಪಿತು. ಅಲ್ಲಿನ ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಅದನ್ನು ಕೈಗೆತ್ತಿಕೊಂಡರು.

ಪ್ರಶ್ನೆ ಖಚಿತವಾಗಿತ್ತು, ಉತ್ತರ ಅಳತೆಗೆ ಸಿಗುವಂಥದ್ದಾಗಿತ್ತು. ಗಂಧದ ಎಣ್ಣೆ ಇರುವುದು ಮರದ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಅವನ್ನು ಚಕ್ಕೆ ಮಾಡಿ, ಪುಡಿ ಮಾಡಿ, ಹಬೆ ಹಾಯಿಸಬೇಕು. ಹಬೆಯೊಂದಿಗೆ ಮೇಲೆದ್ದ ಎಣ್ಣೆ ತಣಿದಾಗ ನೀರಿನಿಂದ ಬೇರ್ಪಡುತ್ತದೆ. ಎಣ್ಣೆಯ ಮುಖ್ಯ ಅಂಶವಾದ ಸ್ಯಾಂಟಲಾಲ್ ಬಹಳ ನಿಧಾನವಾಗಿ ಹೊರಬರುತ್ತದೆ. ಹೀಗಾಗಿ ಪುಡಿ ಎಷ್ಟು ನುಣ್ಣಗಿರಬೇಕು, ಹಬೆಯನ್ನು ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ಮಾಡಿ ನೋಡಿಯೇ ತಿಳಿಯಬೇಕು. ಕೆಲಸ ಪ್ರಯೋಗಾಲಯದಿಂದ ಬೆಂಗಳೂರಿನ ಸಣ್ಣ ಬಟ್ಟಿಗೆ, ಅಲ್ಲಿಂದ ಮೈಸೂರಿನ ಕಾರ್ಖಾನೆಗೆ ಹಂತಹಂತವಾಗಿ ಸಾಗಿತು. ಎಣ್ಣೆ ಕೈಗೆ ಬಂದ ಮೇಲೆ ಅದರಿಂದ ಇನ್ನೇನು ಮಾಡಬಹುದೆಂಬ ಮುಂದಿನ ಪ್ರಶ್ನೆ ಎದ್ದಿತು. ಸೋಸಲೆ ಗರಳಪುರಿ ಶಾಸ್ತ್ರಿಗಳ ರಸಾಯನ ಪರಿಣತಿಯಿಂದ 1918ರ ಹೊತ್ತಿಗೆ ಬೆಂಗಳೂರಿನಲ್ಲಿ ಮೈಸೂರು ಸ್ಯಾಂಡಲ್ ಸೋಪು ತಯಾರಾಯಿತು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲ ಹಂತಗಳು ಸಣ್ಣವಾಗಿದ್ದುದರಿಂದ, ಸೋತಿದ್ದರೂ ನಷ್ಟ ಹಗುರವಾಗಿರುತ್ತಿತ್ತು. ಜೊತೆಗೆ, ಕಚ್ಚಾ ವಸ್ತು, ಪ್ರಯೋಗದ ಖರ್ಚು, ಬಂದ ಲಾಭ ಎಲ್ಲವೂ ಸರ್ಕಾರದ್ದೇ ಆಗಿದ್ದವು. ಇಂಥ ಭದ್ರತೆ ಸಣ್ಣ ಉದ್ಯಮಿಗಿಲ್ಲ. ಆದ್ದರಿಂದ ಈ ಮಾದರಿಯನ್ನು ಹಾಗೆಯೇ ಎತ್ತಿ ಅನ್ವಯಿಸಲಾಗದು.

ಇನ್ನು ಹೊಲದ ಕಡೆ ನೋಡೋಣ. ಗಂಧ ಅರೆ ಪರಾವಲಂಬಿ. ಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ತಗುಲಿಸಿ ನೀರು, ಪೋಷಕಾಂಶ ಹೀರಿಕೊಳ್ಳುತ್ತದೆ. ಯಾವ ಮಣ್ಣಿಗೆ ಯಾವ ಆಸರೆ ಗಿಡ ಹೊಂದುತ್ತದೆ, ಎಷ್ಟು ಅಂತರ ಬಿಡಬೇಕು ಎಂಬುದನ್ನು ಪರೀಕ್ಷಿಸಿ ನೋಡಲು ರೈತನಿಗಿಂತ ತಕ್ಕವರಿಲ್ಲ. ಆದರೆ ಸ್ವಂತ ಹೊಲದಲ್ಲಿ ಬೆಳೆದ ಗಂಧವೂ ಸರ್ಕಾರದ ಸೊತ್ತಾಗಿತ್ತು, ಅದನ್ನು ಕಾಯುವ ಹೊಣೆ ರೈತನ ಮೇಲಿತ್ತು. 2001ರ ಕಾನೂನು ತಿದ್ದುಪಡಿಯ ಬಳಿಕವಷ್ಟೇ ಮರದ ಒಡೆತನ ಭೂಮಾಲೀಕನಿಗೆ ಬಂತು. ಬಟ್ಟಿ ಇಳಿಸುವುದರಲ್ಲಿ ಅಷ್ಟು ಬೇಗ ಫಲಿಸಿದ ಪ್ರಯೋಗಬುದ್ಧಿ ಬೇಸಾಯದಲ್ಲಿ ಬೇರೂರದೇ ಹೋದದ್ದಕ್ಕೆ ಒಡೆತನ ಇಲ್ಲದಿದ್ದುದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಪ್ರಯೋಗದ ಫಲದಲ್ಲಿ ಪಾಲಿಲ್ಲದವರಿಂದ, ಸೋತರೆ ದಂಡ ತೆರಬೇಕಾದವರಿಂದ ಹೊಸತನ್ನು ನಿರೀಕ್ಷಿಸುವುದು ನ್ಯಾಯವಲ್ಲ. ನೌಕರರಲ್ಲಿ ಕುತೂಹಲ ಬೆಳೆಸಬೇಕೆನ್ನುವ ಸಂಸ್ಥೆಗಳು ಉಪನ್ಯಾಸ, ಶಿಬಿರ ಏರ್ಪಡಿಸುವ ಮೊದಲು ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೊಡಲಿ: ಗೆದ್ದರೆ ಲಾಭ ಯಾರಿಗೆ? ಸೋತರೆ ನಷ್ಟ ಯಾರದು?