ಟೈಪಿಸ್ಟ್ ಮುದುಕಿಯ ಎರಡು ವಯಸ್ಸು

ಗಾಲಿಕುರ್ಚಿಯಲ್ಲಿ ಕೂತ ಮುದುಕಿ. ತಲೆಗೆ ವಸ್ತ್ರ, ಕಣ್ಣಿಗೆ ಕಪ್ಪು ಕನ್ನಡಕ, ಮೂಗು ಬಾಯಿಗೆ ಮಾಸ್ಕ್. 2021ರ ಅಕ್ಟೋಬರಿನಲ್ಲಿ ಪತ್ರಿಕೆಯಲ್ಲಿ ಈ ಚಿತ್ರ ನೋಡಿದಾಗ ನನಗೆ ಬಂದದ್ದು ಕನಿಕರ. ತೊಂಬತ್ತಾರು ವರ್ಷದ ಜೀವವನ್ನು ಕೋರ್ಟಿಗೆ ಎಳೆತರುತ್ತಾರಲ್ಲ, ಈ ಜರ್ಮನಿಯವರಿಗೆ ಬೇರೆ ಕೆಲಸವಿಲ್ಲವೇ ಎಂದುಕೊಂಡೆ. ನಮ್ಮ ಮನೆಗಳಲ್ಲಿ ಅಷ್ಟು ವಯಸ್ಸಾದವರನ್ನು ಗದರುವುದಕ್ಕೂ ಹಿಂಜರಿಯುತ್ತೇವೆ. ಸುದ್ದಿಯನ್ನು ಪೂರ್ತಿ ಓದಿದ್ದು ಆಮೇಲೆ.

ಆಕೆ ಇರ್ಮ್‌ಗಾರ್ಡ್ ಫುರ್ಖ್ನರ್. 1943ರ ಜೂನ್‌ನಿಂದ 1945ರ ಏಪ್ರಿಲ್‌ವರೆಗೆ, ಇಂದಿನ ಪೋಲೆಂಡಿನ ಗ್ಡಾನ್ಸ್ಕ್ ಬಳಿ ನಾಜಿಗಳು ನಡೆಸುತ್ತಿದ್ದ ಸ್ಟುಟ್‌ಹೋಫ್ ಯಾತನಾಶಿಬಿರದಲ್ಲಿ, ಅದರ ಮುಖ್ಯಸ್ಥ ಹೊಪ್ಪೆಯ ಟೈಪಿಸ್ಟ್ ಆಗಿದ್ದವಳು. ಅಲ್ಲಿ ಸುಮಾರು 65,000 ಜನ ಸತ್ತರು. ವಿಷಾನಿಲ, ಗುಂಡು, ಹಸಿವು, ಟೈಫಸ್ ಜ್ವರ. ಆಕೆ ಕೈಯಾರೆ ಯಾರನ್ನೂ ಕೊಂದವಳಲ್ಲ, ಕಾಗದಪತ್ರ ನೋಡಿಕೊಳ್ಳುತ್ತಿದ್ದಳು, ಅಷ್ಟೆ. ಆ ‘ಅಷ್ಟೆ’ಯ ಮೇಲೇ ಮೊಕದ್ದಮೆ ನಿಂತಿದ್ದು.

ವಯಸ್ಸು, ದೇಹಸ್ಥಿತಿಯ ಕಾರಣ ಬರಲಾರೆನೆಂದು ಆಕೆ ನ್ಯಾಯಾಧೀಶರಿಗೆ ಮೊದಲೇ ಕಾಗದ ಬರೆದಿದ್ದಳು. ವಿಚಾರಣೆ ಆರಂಭವಾಗಬೇಕಿದ್ದ ಸೆಪ್ಟೆಂಬರ್ 30ರ ಬೆಳಿಗ್ಗೆ ವೃದ್ಧಾಶ್ರಮದಿಂದ ಟ್ಯಾಕ್ಸಿ ಹಿಡಿದು ಪರಾರಿ! ಕೆಲವೇ ಗಂಟೆಗಳಲ್ಲಿ ಪೊಲೀಸರ ಕೈಗೆ ಸಿಕ್ಕಿದಳು. (ಓದುತ್ತ ನನಗೆ ನಗು ಬಂದದ್ದು ಸುಳ್ಳಲ್ಲ. ಕನಿಕರವೂ ಒಂದು ಮೆಟ್ಟಿಲು ಇಳಿಯಿತು.) ಐದು ದಿನ ಇಟ್ಟುಕೊಂಡು, ಮಣಿಕಟ್ಟಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿ ಬಿಟ್ಟರು. ಮುಂದೆ ಇಟ್ಸೆಹೋ ಊರಿನ ನ್ಯಾಯಾಲಯದಲ್ಲಿ ಆಕೆಯ ತ್ರಾಣ ನೋಡಿಕೊಂಡು ದಿನಕ್ಕೆ ಒಂದೆರಡು ಗಂಟೆಯಷ್ಟೇ ವಿಚಾರಣೆ.

ವಿಚಿತ್ರವೆಂದರೆ, ಶಿಕ್ಷೆ ಹೇಳುವಾಗ ಕಾನೂನು ಎಣಿಸಿದ್ದು ಆಕೆಯ ಅಂದಿನ ವಯಸ್ಸನ್ನು. ಆಗ ಆಕೆಗೆ 18–19. ಜರ್ಮನಿಯಲ್ಲಿ 21 ತುಂಬದವರಿಗೆ ಎಳೆಯರ ಕಾನೂನನ್ನು ಅನ್ವಯಿಸಬಹುದು. ಹಾಗಾಗಿ 97ರ ಮುದುಕಿ ನಿಂತದ್ದು ಎಳೆಯರ ನ್ಯಾಯಪೀಠದ ಮುಂದೆ! 2022ರ ಡಿಸೆಂಬರ್ 20ರಂದು, 10,505 ಕೊಲೆಗಳಿಗೆ ನೆರವಾದಳೆಂದು 2 ವರ್ಷದ ಶಿಕ್ಷೆಯಾಯಿತು. ಅದನ್ನೂ ಅಮಾನತಿನಲ್ಲಿಟ್ಟರು, ಜೈಲಿಗೆ ಹೋಗಬೇಕಾಗಿಲ್ಲ. ಸರಕಾರದ ವಕೀಲರು ಕೇಳಿದ್ದೂ ಅಷ್ಟನ್ನೇ.

ಮುಪ್ಪೊಂದೇ ಜೈಲು ತಪ್ಪಿಸುವುದಿಲ್ಲ ಎಂಬುದು ಅಲ್ಲಿ ಮೊದಲೇ ತೀರ್ಮಾನವಾಗಿತ್ತು. ಔಶ್‌ವಿಟ್ಜ್ ಶಿಬಿರದಲ್ಲಿ ಕೈದಿಗಳ ಹಣದ ಲೆಕ್ಕ ಬರೆಯುತ್ತಿದ್ದ ಓಸ್ಕರ್ ಗ್ರೋನಿಂಗ್‌ಗೆ 2015ರಲ್ಲಿ, 94ನೆಯ ವಯಸ್ಸಿನಲ್ಲಿ, 4 ವರ್ಷದ ಸಜೆಯಾದಾಗ ಆತ ವಯಸ್ಸಿನ ನೆಪ ಹೇಳಿ ಸಂವಿಧಾನ ನ್ಯಾಯಾಲಯದವರೆಗೂ ಹೋಗಿದ್ದ. ಅಪರಾಧದ ಘೋರತೆಯ ಮುಂದೆ ಅದು ನಿಲ್ಲದು ಎಂದು 2017ರಲ್ಲಿ ನ್ಯಾಯಾಲಯ ಹೇಳಿತು. ಜೈಲಿನ ಬಾಗಿಲು ತಲುಪುವ ಮೊದಲೇ, 2018ರಲ್ಲಿ ಆತ ಸತ್ತ.

ಇಷ್ಟು ತಡವಾದದ್ದು ಏಕೆ? ಫುರ್ಖ್ನರ್ ಅಡಗಿ ಕೂತಿರಲಿಲ್ಲ. 1950ರ ದಶಕದಲ್ಲೇ ಆಕೆಯನ್ನು ಸಾಕ್ಷಿಯಾಗಿ ಕರೆದು ಕೇಳಿ ಕಳಿಸಿದ್ದರು. ಹೊಪ್ಪೆಗೆ 1957ರಲ್ಲಿ 9 ವರ್ಷ ಶಿಕ್ಷೆಯಾಗಿ, 1960ಕ್ಕೇ ಬಿಡುಗಡೆಯೂ ಆಯಿತು. ಇಂಥವರು ಇಂಥವರನ್ನೇ ಕೊಂದರೆಂದು ರುಜುವಾತಾಗದೆ, ಶಿಬಿರದಲ್ಲಿ ದುಡಿದದ್ದೇ ಕೊಲೆಗೆ ನೆರವು ಎಂಬ ವಾದ ಬಲ ಪಡೆದದ್ದು 2011ರ ಮ್ಯೂನಿಕ್ ತೀರ್ಪಿನ ನಂತರ. ಆ ಹೊತ್ತಿಗೆ ಬದುಕುಳಿದಿದ್ದವರು ಅಜ್ಜ ಅಜ್ಜಿಯರು ಮಾತ್ರ. ಆಕೆಯ ಮುಪ್ಪಿನಲ್ಲಿ ಸರಕಾರದ ಸೋಮಾರಿತನದ ಪಾಲೂ ಇತ್ತೆಂದು ನನ್ನ ಅನಿಸಿಕೆ.

ಕೊನೆಗೆ ಆಕೆ, ನಡೆದುದಕ್ಕೆಲ್ಲ ವಿಷಾದವಿದೆ ಎಂದಳು. ಮೇಲ್ಮನವಿಯನ್ನು 2024ರ ಆಗಸ್ಟಿನಲ್ಲಿ ತಳ್ಳಿಹಾಕಿದರು. 2025ರ ಜನವರಿಯಲ್ಲಿ, 99ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು.

ಸಾವಿನ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆಕೆಯ ಗಾಲಿಕುರ್ಚಿಯಲ್ಲ, ಸಾಕ್ಷಿ ಹೇಳಲು ವಿಯೆನ್ನಾದಿಂದ ಬಂದಿದ್ದ ವೃದ್ಧರೊಬ್ಬರು. ಅವರಿಗೆ ಆಗ 83. ಸ್ಟುಟ್‌ಹೋಫ್‌ನಲ್ಲಿ ಅವರ ತಂದೆಯನ್ನು ಸೂಜಿಮದ್ದು ಕೊಟ್ಟು ಕೊಂದಾಗ ಆರು ವರ್ಷ. ತಂದೆಯ ಫೋಟೋ ಜೊತೆಗೆ ತಂದಿದ್ದರು. ಅದನ್ನು ಆಕೆಯ ಕಡೆಗೆ ಎತ್ತಿ ಹಿಡಿದರು.