ಕಲ್ಲಿದ್ದಲು ಗಣಿ ತ್ಯಾಜ್ಯದ ರಾಶಿಗಳು: ಸ್ಥಿರತೆಯ ನಿರ್ವಹಣೆ ಮತ್ತು ತಪಾಸಣೆ

ಕಲ್ಲಿದ್ದಲಿನ ಪದರವನ್ನು ತಲುಪಲು ತೆಗೆಯುವ ಮಣ್ಣು ಮತ್ತು ಬಂಡೆ, ಕಲ್ಲಿದ್ದಲಿನೊಂದಿಗೆ ಮೇಲೆ ಬರುವ ಜೇಡುಶಿಲೆ, ಕಲ್ಲಿದ್ದಲನ್ನು ತೊಳೆದ ಬಳಿಕ ಉಳಿಯುವ ನುಣುಪಾದ ಕೆಸರು ಇವೆಲ್ಲವನ್ನೂ ಗಣಿಯ ಸಮೀಪದಲ್ಲಿ ಸುರಿಯುವುದರಿಂದ ಉಂಟಾಗುವ ಗುಡ್ಡೆಯನ್ನು ತ್ಯಾಜ್ಯದ ರಾಶಿ ಎನ್ನಲಾಗುತ್ತದೆ. ಗಣಿ ಕಾರ್ಮಿಕರು ಇದನ್ನು ಡಂಪ್ ಎಂದೇ ಕರೆಯುತ್ತಾರೆ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ತೆಲಂಗಾಣದ ಸಿಂಗರೇಣಿ ಗಣಿಗಳಿಂದಲೂ ಕಲ್ಲಿದ್ದಲು ಬರುತ್ತದೆ. ಅದನ್ನು ಅಗೆದ ತ್ಯಾಜ್ಯವು ಗಣಿಯ ಬಳಿಯಲ್ಲಿಯೇ ಉಳಿಯುತ್ತದೆ.

ರಾಶಿಯು ಜಾರುವುದೇಕೆ?

ಸುರಿದ ವಸ್ತುವು ಸಡಿಲವಾಗಿರುತ್ತದೆ. ಅದರ ಕಣಗಳು ಪರಸ್ಪರ ಉಜ್ಜಿ ಹಿಡಿದುಕೊಳ್ಳುವುದರಿಂದಲೇ ರಾಶಿಯು ನಿಲ್ಲುತ್ತದೆ. ಕಣಗಳ ನಡುವೆ ನೀರು ತುಂಬಿ ಅದರ ಒತ್ತಡವು ಹೆಚ್ಚಿದಂತೆ ಈ ಹಿಡಿತವು ಕಡಿಮೆಯಾಗುತ್ತದೆ. ಜೇಡುಶಿಲೆಯು ಗಾಳಿ ಮತ್ತು ಮಳೆಗೆ ಒಡೆದು ಜೇಡಿಮಣ್ಣಾಗುವುದರಿಂದ, ಇಂದು ಗಟ್ಟಿಯಾಗಿರುವ ರಾಶಿಯು ಹತ್ತು ವರ್ಷಗಳ ನಂತರವೂ ಹಾಗೆಯೇ ಇರುವುದೆಂದು ಭಾವಿಸತಕ್ಕದ್ದಲ್ಲ. ರಾಶಿಯ ಅಡಿಯಲ್ಲಿ ಮೃದುವಾದ ಜೇಡಿಮಣ್ಣು ಇದ್ದರೆ ಅಥವಾ ಬುಡವನ್ನು ಅಗೆದರೆ ಅಪಾಯವು ಇನ್ನೂ ಹೆಚ್ಚು.

ವೇಲ್ಸ್‌ನ ಅಬರ್‌ಫಾನ್ ಗ್ರಾಮದಲ್ಲಿ 1966ರ ಅಕ್ಟೋಬರ್ 21ರಂದು ನಡೆದ ದುರಂತವು ಈ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದ ಪ್ರಕರಣವಾಗಿದೆ. ಮರ್ಥರ್ ವೇಲ್ ಗಣಿಯ ಏಳನೆಯ ರಾಶಿಯನ್ನು 1958ರಿಂದ ಗ್ರಾಮದ ಮೇಲಿನ ಬೆಟ್ಟದ ಇಳಿಜಾರಿನಲ್ಲಿ, ಒರತೆಯೊಂದರ ಮೇಲೆಯೇ ಸುರಿಯಲಾಗುತ್ತಿತ್ತು. ಅಲ್ಲಿನ ಒರತೆಗಳು ನಕ್ಷೆಯಲ್ಲಿಯೇ ಗುರುತಾಗಿದ್ದವು. ತೊಳೆದ ಕಲ್ಲಿದ್ದಲಿನ ನುಣುಪಾದ ಕೆಸರನ್ನೂ ಅದೇ ರಾಶಿಗೆ ಹಾಕಲಾಗಿತ್ತು. ಅಲ್ಲಿನ ಹಳೆಯ ರಾಶಿಯೊಂದು 1944ರಲ್ಲಿ, ಇದೇ ರಾಶಿಯು 1963ರಲ್ಲಿ ಜಾರಿದ್ದುಂಟು. ದುರಂತದ ದಿನ ಬೆಳಿಗ್ಗೆ ಕೆಲಸಕ್ಕೆ ಬಂದವರು ರಾಶಿಯ ನೆತ್ತಿಯು ಸುಮಾರು 3 ಮೀಟರ್ ಕುಸಿದಿರುವುದನ್ನು ಕಂಡಿದ್ದರು. 9.15ರ ಹೊತ್ತಿಗೆ ರಾಶಿಯು ದ್ರವದಂತೆ ಹರಿದು ಪಾಂಟ್‌ಗ್ಲಾಸ್ ಶಾಲೆ ಮತ್ತು ಅಕ್ಕಪಕ್ಕದ ಮನೆಗಳನ್ನು ಮುಚ್ಚಿತು. ಮಡಿದ 144 ಮಂದಿಯಲ್ಲಿ 116 ಮಂದಿ ಮಕ್ಕಳು. ಎಡ್ಮಂಡ್ ಡೇವಿಸ್ ಅವರ ಅಧ್ಯಕ್ಷತೆಯ ವಿಚಾರಣಾ ಮಂಡಳಿಯು 1967ರಲ್ಲಿ ವರದಿ ನೀಡಿ, ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯನ್ನು ಹೊಣೆಯಾಗಿಸಿತು. ಆ ಮಂಡಳಿಯಲ್ಲಿ ರಾಶಿಗಳ ಬಗ್ಗೆ ಯಾವ ನಿಶ್ಚಿತ ನೀತಿಯೂ ಇರಲಿಲ್ಲ. ಗಣಿಯ ಒಳಗಿನ ಸುರಂಗಗಳಿಗೆ ನಿಯಮಗಳಿದ್ದವು, ಹೊರಗಿನ ಗುಡ್ಡೆಗೆ ಇರಲಿಲ್ಲ. ರಾಶಿಗಳಿಗಾಗಿಯೇ ಬ್ರಿಟನ್ನಿನಲ್ಲಿ 1969ರಲ್ಲಿ ಕಾಯಿದೆ ಬಂದಿತು.

ಸ್ಥಳದ ಆಯ್ಕೆ ಮತ್ತು ರಚನೆ

ಒರತೆ, ಹಳ್ಳ ಅಥವಾ ಹಳೆಯ ಗಣಿಯ ಬಾಯಿಯ ಮೇಲೆ ತ್ಯಾಜ್ಯವನ್ನು ಸುರಿಯಬಾರದು. ಮೇಲಿನಿಂದ ಬರುವ ಮಳೆನೀರು ರಾಶಿಯನ್ನು ತಲುಪುವ ಮೊದಲೇ ಅದನ್ನು ಕಾಲುವೆಯ ಮೂಲಕ ಬೇರೆಡೆಗೆ ತಿರುಗಿಸಬೇಕು. ಅಮೆರಿಕದ ಗಣಿ ಸುರಕ್ಷತಾ ನಿಯಮಗಳ ಪ್ರಕಾರ ತ್ಯಾಜ್ಯವನ್ನು 2 ಅಡಿಗಿಂತ ದಪ್ಪವಿಲ್ಲದ ಪದರಗಳಲ್ಲಿ ಹರಡಿ ದಮ್ಮಸು ಮಾಡಬೇಕು. ಇಳಿಜಾರು ಸುಮಾರು 27 ಡಿಗ್ರಿಯನ್ನು ಮೀರಬಾರದು.

ಭಾರತದಲ್ಲಿ 2017ರ ಕಲ್ಲಿದ್ದಲು ಗಣಿ ವಿನಿಯಮಗಳ ಮೇರೆಗೆ ರಾಶಿಯ ಇಳಿಜಾರು ಯಾವುದೇ ಸಂದರ್ಭದಲ್ಲಿಯೂ 37.5 ಡಿಗ್ರಿಯನ್ನು ಮೀರತಕ್ಕದ್ದಲ್ಲ. 30 ಮೀಟರಿಗಿಂತ ಎತ್ತರದ ರಾಶಿಯನ್ನು ಮೆಟ್ಟಿಲುಗಳಾಗಿ ಕತ್ತರಿಸಬೇಕು, ಯಾವ ಮೆಟ್ಟಿಲೂ 30 ಮೀಟರ್ ಮೀರಬಾರದು, ಒಟ್ಟಾರೆ ಇಳಿಜಾರು 1.5 ಮೀಟರ್ ಅಡ್ಡಳತೆಗೆ 1 ಮೀಟರ್ ಎತ್ತರಕ್ಕಿಂತ ಕಡಿದಾಗಿರಬಾರದು. ಇವು ಗರಿಷ್ಠ ಮಿತಿಗಳೇ ಹೊರತು ಸುರಕ್ಷತೆಯ ಖಾತರಿಯಲ್ಲ. ಅಡಿಯ ಮಣ್ಣು ದುರ್ಬಲವಾಗಿದ್ದಲ್ಲಿ ಇದಕ್ಕಿಂತ ಮಂದವಾದ ಇಳಿಜಾರೂ ಜಾರಬಹುದು. ಜಾರ್ಖಂಡ್‌ನ ಗೊಡ್ಡಾ ಜಿಲ್ಲೆಯ ರಾಜಮಹಲ್ ತೆರೆದ ಗಣಿಯಲ್ಲಿ 2016ರ ಡಿಸೆಂಬರ್ 29ರಂದು ಸಂಭವಿಸಿದ ಕುಸಿತದಲ್ಲಿ 23 ಕಾರ್ಮಿಕರು ಮೃತಪಟ್ಟರು.

ತಪಾಸಣೆ

ತಪಾಸಕನು ರಾಶಿಯನ್ನು ದೂರದಿಂದ ನೋಡದೆ ನೆತ್ತಿಯಿಂದ ಬುಡದವರೆಗೆ ನಡೆದು ನೋಡಬೇಕು. ನೆತ್ತಿಯ ಅಂಚಿಗೆ ಸಮಾನಾಂತರವಾದ ಬಿರುಕುಗಳು, ಬುಡದಲ್ಲಿ ಉಬ್ಬಿದ ನೆಲ, ಓರೆಯಾದ ಬೇಲಿಯ ಕಂಬಗಳು ಮತ್ತು ಮರಗಳು, ಹೂಳು ತುಂಬಿದ ಕಾಲುವೆಗಳು ಇವುಗಳನ್ನು ಗಮನಿಸಬೇಕು. ಬುಡದಿಂದ ಒಸರುವ ನೀರು ತಿಳಿಯಾಗಿದ್ದರೆ ಅದರ ಪ್ರಮಾಣವನ್ನು ದಾಖಲಿಸಿದರೆ ಸಾಕು; ಅದು ಇದ್ದಕ್ಕಿದ್ದಂತೆ ಕದಡಿದ್ದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆಯೆಂದು ತಿಳಿಯಬೇಕು. ಮಳೆಯ ನಂತರವೂ ಒಸರುತ್ತಿದ್ದ ಜಾಗವು ಒಣಗಿದ್ದರೆ ಅದೂ ಸಂತೋಷದ ಸಂಗತಿಯಲ್ಲ. ನೀರು ಒಳಗೆ ತಡೆದು ನಿಂತಿರಬಹುದು. ಒಳಗಿನ ನೀರಿನ ಮಟ್ಟವನ್ನು ಪೀಜೋಮೀಟರ್‌ನಿಂದಲೂ ಚಲನೆಯನ್ನು ಸರ್ವೆ ಗೂಟಗಳಿಂದ ಅಥವಾ ರೇಡಾರ್‌ನಿಂದಲೂ ಅಳೆಯಬಹುದು.

ವೇಳಾಪಟ್ಟಿಯ ತಪಾಸಣೆಯಷ್ಟೇ ಸಾಲದು. ಅಮೆರಿಕದ ವೆಸ್ಟ್ ವರ್ಜೀನಿಯಾದ ಬಫಲೋ ಕ್ರೀಕ್‌ನಲ್ಲಿ ಗಣಿ ತ್ಯಾಜ್ಯದಿಂದಲೇ ಕಟ್ಟಿದ್ದ ಕೆಸರು ನೀರಿನ ಒಡ್ಡು 1972ರ ಫೆಬ್ರವರಿ 26ರಂದು ಮಳೆಯ ನಡುವೆ ಒಡೆದು 125 ಮಂದಿ ಮಡಿದರು. ನಾಲ್ಕು ದಿನಗಳ ಹಿಂದಷ್ಟೇ ತಪಾಸಣೆಯಲ್ಲಿ ಅದು ತೃಪ್ತಿಕರವೆಂದು ದಾಖಲಾಗಿತ್ತು. ಆದ್ದರಿಂದ ಭಾರೀ ಮಳೆಯ ವೇಳೆಯಲ್ಲಿಯೂ ಅನಂತರವೂ ಹೆಚ್ಚುವರಿ ತಪಾಸಣೆ ನಡೆಸುವುದು ಅವಶ್ಯಕ.

ಉರಿಯುವ ರಾಶಿಗಳು

ರಾಶಿಯಲ್ಲಿ ಉಳಿದ ಕಲ್ಲಿದ್ದಲು ಗಾಳಿಯ ಸಂಪರ್ಕದಿಂದ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಒಳಗೆ ಸುಟ್ಟು ಟೊಳ್ಳಾದ ಕಡೆ ನೆಲವು ಕಾಲಡಿಯಲ್ಲಿಯೇ ಕುಸಿಯಬಹುದು. ಕಾದ ರಾಶಿಯ ಮೇಲೆ ನೀರು ಸುರಿಯುವುದು ಸ್ಫೋಟಕ್ಕೆ ಕಾರಣವಾಗಬಹುದಾದ್ದರಿಂದ ತಜ್ಞರ ಸಲಹೆಯಿಲ್ಲದೆ ಹಾಗೆ ಮಾಡಬಾರದು.

ಗಣಿ ಮುಚ್ಚಿದ ಬಳಿಕ

ಗಣಿಯು ಮುಚ್ಚಿದರೂ ರಾಶಿಯು ಉಳಿಯುತ್ತದೆ, ಕಾಲುವೆಯ ಹೂಳೆತ್ತುವವರು ಮಾತ್ರ ಇರುವುದಿಲ್ಲ. 2020ರ ಫೆಬ್ರವರಿಯಲ್ಲಿ ಡೆನಿಸ್ ಚಂಡಮಾರುತದ ಮಳೆಗೆ ವೇಲ್ಸ್‌ನ ಟೈಲರ್ಸ್‌ಟೌನ್‌ನಲ್ಲಿ ಹಳೆಯ ರಾಶಿಯೊಂದು ಜಾರಿ ಕಣಿವೆಗೆ ಬಿದ್ದಿತು, ಪ್ರಾಣಹಾನಿಯಾಗಲಿಲ್ಲ. 1969ರ ಕಾಯಿದೆಯು ಮುಖ್ಯವಾಗಿ ಕೆಲಸ ನಡೆಯುತ್ತಿದ್ದ ಗಣಿಗಳನ್ನು ದೃಷ್ಟಿಯಲ್ಲಿಟ್ಟುಕೊಂಡಿತ್ತು. ಆ ಬಳಿಕ ನಡೆದ ಗಣತಿಯಲ್ಲಿ ವೇಲ್ಸ್ ಒಂದರಲ್ಲಿಯೇ 2,500ಕ್ಕೂ ಹೆಚ್ಚು ಬಳಕೆಯಲ್ಲಿಲ್ಲದ ರಾಶಿಗಳು ಕಂಡುಬಂದವು. ಇವುಗಳನ್ನು ಅಪಾಯದ ಮಟ್ಟಕ್ಕೆ ಅನುಸಾರ ವರ್ಗೀಕರಿಸಲಾಗಿದ್ದು, 2025ರಲ್ಲಿ ಅಲ್ಲಿ ಹೊಸ ಕಾಯಿದೆಯನ್ನು ತರಲಾಗಿದೆ.

ರಾಶಿಯ ಸಮೀಪ ವಾಸಿಸುವವರು ಹೊಸ ಬಿರುಕು, ಹೊಸ ಒಸರು, ಹೊಗೆ ಅಥವಾ ಕುಸಿದ ನೆಲವನ್ನು ಕಂಡಲ್ಲಿ ಅದರ ಬಳಿಗೆ ಹೋಗದೆ, ಗಣಿಯ ವ್ಯವಸ್ಥಾಪಕರಿಗೆ ಮತ್ತು ಸ್ಥಳೀಯ ಆಡಳಿತಕ್ಕೆ ಕೂಡಲೇ ತಿಳಿಸತಕ್ಕದ್ದು. ಬುಡದಿಂದ ಮಣ್ಣು ಅಥವಾ ಕಲ್ಲನ್ನು ತೆಗೆದೊಯ್ಯುವುದನ್ನು ಯಾರೂ ಮಾಡತಕ್ಕದ್ದಲ್ಲ.